ಯಾವ ಸಾಲ ಸ್ವಾಮಿ? ಮೊದಲು ಕಾಗದ ತೋರಿಸಿ

ಸಾಲ ಮಾಡಿದವನಿಗೆ ನಿದ್ದೆ ಇಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈಗ ಸಾಲ ಮಾಡದವರಿಗೂ ನಿದ್ದೆ ಇಲ್ಲದ ಕಾಲ ಬಂದಿದೆ. ಯಾರೋ ಫೋನ್ ಮಾಡುತ್ತಾರೆ. ‘ನಿಮ್ಮದು ಬಾಕಿ ಇದೆ, ಇವತ್ತು ಸಂಜೆಯೊಳಗೆ ಕಟ್ಟಿ’ ಎನ್ನುತ್ತಾರೆ. ಯಾವ ಬಾಕಿ, ಯಾರಿಗೆ, ಯಾವಾಗಿನದು ಎಂದು ಕೇಳಿದರೆ ಆ ಕಡೆಯ ದನಿ ಏರುತ್ತದೆ. ದನಿ ಏರಿದ ಕೂಡಲೇ ನಮ್ಮಲ್ಲಿ ಬಹಳ ಜನ ಕುಗ್ಗಿಬಿಡುತ್ತಾರೆ. ಅಕ್ಕಪಕ್ಕದವರಿಗೆ ಗೊತ್ತಾದರೆ ಏನು ಗತಿ ಎಂಬ ಅಳುಕು ಶುರುವಾಗುತ್ತದೆ. ಕೊನೆಗೆ, ಇಲ್ಲದ ಸಾಲಕ್ಕೆ ಇರುವ ದುಡ್ಡು ಹೋಗುತ್ತದೆ.

ನಾನು ಬಿಇ ಮೂರನೇ ವರ್ಷದಲ್ಲಿದ್ದೇನೆ. ಮನೆಯಲ್ಲಿ, ನೆಂಟರಲ್ಲಿ ಯಾರ ಫೋನ್‌ಗೆ ಏನು ಬಂದರೂ ‘ಇದೇನು ನೋಡೋ’ ಎಂದು ಮೊದಲು ಕರೆ ಬರುವುದು ನನಗೆ. ಓದುತ್ತಿರುವ ನಮ್ಮಂತಹ ಹುಡುಗ ಹುಡುಗಿಯರಿಗೆಲ್ಲ ಇದೇ ಕೆಲಸ. ಹೀಗೆ ನೋಡುತ್ತಾ ನೋಡುತ್ತಾ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಈ ವಂಚಕರ ಬಂಡವಾಳ ತಂತ್ರಜ್ಞಾನ ಅಲ್ಲ, ನಮ್ಮ ಮರ್ಯಾದೆಯ ಭಯ. ಅದಕ್ಕೆ ಮದ್ದೂ ತಂತ್ರಜ್ಞಾನದಲ್ಲಿಲ್ಲ. ‘ಕಾಗದ ತೋರಿಸಿ’ ಎಂದು ಕೇಳುವ ಅಭ್ಯಾಸದಲ್ಲಿದೆ.

ಬಿಲ್ಲೇ ಬಾರದ ಮನೆಗೆ ಬಾಕಿ

ಮೊದಲು ಚಿಕ್ಕ ವಂಚನೆಯಿಂದ ಆರಂಭಿಸೋಣ. ‘ಕಳೆದ ತಿಂಗಳ ಬಿಲ್ ಅಪ್‌ಡೇಟ್ ಆಗದ ಕಾರಣ ಇಂದು ರಾತ್ರಿ 9.30ಕ್ಕೆ ನಿಮ್ಮ ಮನೆಯ ವಿದ್ಯುತ್ ಸಂಪರ್ಕ ಕಡಿತಗೊಳ್ಳಲಿದೆ. ಕೂಡಲೇ ಈ ನಂಬರ್‌ಗೆ ಕರೆ ಮಾಡಿ’ ಎಂಬ ಸಂದೇಶವನ್ನು ನೀವೂ ನೋಡಿರುತ್ತೀರಿ. ನಮ್ಮ ಅಮ್ಮನ ಫೋನ್‌ಗೂ ಅದು ಬಂತು. ತಮಾಷೆ ಎಂದರೆ ನಮ್ಮದು ಗೃಹಜ್ಯೋತಿ ಮನೆ. ಬರುವ ಬಿಲ್ಲೇ ಸೊನ್ನೆ. ಆದರೂ ಅಮ್ಮ ಮಿಕ್ಸಿಯಲ್ಲಿ ದೋಸೆ ಹಿಟ್ಟು ರುಬ್ಬುವುದನ್ನು ಅರ್ಧಕ್ಕೆ ಬಿಟ್ಟು, ‘ಏನೋ ಹಳೇ ಬಾಕಿ ಇರಬಹುದೇನೋ’ ಎಂದು ಗಾಬರಿಯಾಗಿದ್ದರು.

ಆ ನಂಬರ್‌ಗೆ ಕರೆ ಮಾಡಿದರೆ ಮುಂದಿನ ಹೆಜ್ಜೆ ಏನು? ‘ಬರೀ ಹತ್ತು ರೂಪಾಯಿ ಕಟ್ಟಿ, ಅಪ್‌ಡೇಟ್ ಆಗುತ್ತದೆ’ ಎಂದು ಒಂದು ಲಿಂಕ್ ಕಳಿಸುತ್ತಾರೆ. ಇಲ್ಲವೇ ಒಂದು ಆ್ಯಪ್ ಹಾಕಿಕೊಳ್ಳಲು ಹೇಳುತ್ತಾರೆ. ಅದು ನಮ್ಮ ಫೋನ್ ಪರದೆಯನ್ನು ಅವರಿಗೆ ತೋರಿಸುವ ಆ್ಯಪ್. ಹತ್ತು ರೂಪಾಯಿ ಕಟ್ಟಲು ನಾವು ಒತ್ತುವ ಅಂಕಿಗಳನ್ನೆಲ್ಲ ಅವರು ಅಲ್ಲಿ ಕೂತು ನೋಡುತ್ತಿರುತ್ತಾರೆ. ಹೋಗುವುದು ಹತ್ತು ರೂಪಾಯಿಯಲ್ಲ, ಖಾತೆಯಲ್ಲಿ ಇದ್ದಷ್ಟೂ.

ಟ್ರಾಫಿಕ್ ದಂಡದ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ‘ಚಲನ್’ ಫೈಲ್ ಇದರ ತಮ್ಮ. ಅದು ಫೋಟೊ ಅಲ್ಲ, ಪಿಡಿಎಫ್ ಅಲ್ಲ. ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂದಿರುತ್ತದೆ, ಅಂದರೆ ಒಂದು ಆ್ಯಪ್. ಅದನ್ನು ಒತ್ತಿ, ಕೇಳಿದ್ದಕ್ಕೆಲ್ಲ ‘ಅಲೋ’ ಎಂದರೆ ನಮ್ಮ ಮೆಸೇಜ್‌ಗಳನ್ನು ಓದುವ ಅನುಮತಿ ಅದಕ್ಕೆ ಸಿಗುತ್ತದೆ. ಬ್ಯಾಂಕಿನ ಒಟಿಪಿ ನಮಗೆ ಬರುವಷ್ಟರಲ್ಲಿ ಅವರಿಗೂ ತಲುಪಿರುತ್ತದೆ. ಪೊಲೀಸ್ ಇಲಾಖೆಯಾಗಲಿ, ಆರ್‌ಟಿಒ ಆಗಲಿ ದಂಡ ಕಟ್ಟಿಸಿಕೊಳ್ಳಲು ಯಾರಿಗೂ ಎಪಿಕೆ ಕಳಿಸುವುದಿಲ್ಲ. ಸಂಶಯವಿದ್ದರೆ ಪರಿವಾಹನ್ ಜಾಲತಾಣಕ್ಕೆ ನಾವೇ ಹೋಗಿ ಗಾಡಿ ನಂಬರ್ ಹಾಕಿ ನೋಡಬಹುದು. ಸಂದೇಶದಲ್ಲಿ ಬಂದ ದಾರಿ ಹಿಡಿಯದೆ ನಮಗೆ ಗೊತ್ತಿರುವ ದಾರಿಯಲ್ಲೇ ಹೋಗಿ ಪರೀಕ್ಷಿಸುವುದು ಎಲ್ಲ ಸುಳ್ಳು ಬಿಲ್‌ಗಳಿಗೂ ಅನ್ವಯಿಸುವ ಒಂದೇ ಸೂತ್ರ.

ಇನ್ನು ‘ರಾತ್ರಿ 9.30ಕ್ಕೆ ಕಡಿತ’ ಎಂಬ ಬೆದರಿಕೆಗೆ ಬರೋಣ. 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ, ಬಾಕಿ ನಿಜವಾಗಿ ಇದ್ದರೂ ಸಂಪರ್ಕ ಕಡಿತಗೊಳಿಸುವ ಮುನ್ನ ಪೂರ್ತಿ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಇದೊಂದು ಸಾಲು ಗೊತ್ತಿದ್ದರೆ ಆ ಸಂದೇಶ ಸುಳ್ಳು ಎಂದು ತಿಳಿಯಲು ಇಂಜಿನಿಯರಿಂಗ್ ಓದಬೇಕಿಲ್ಲ. ಬೆದರಿಕೆಯಲ್ಲಿ ಗಡುವು ಎಷ್ಟು ಹತ್ತಿರವಿರುತ್ತದೋ ಸುಳ್ಳು ಅಷ್ಟು ದೊಡ್ಡದಿರುತ್ತದೆ.

ಅರ್ಧ ಸತ್ಯದ ಅಪಾಯ

ವಿದ್ಯುತ್ ಬಿಲ್‌ನ ಸುಳ್ಳು ಸುಲಭವಾಗಿ ಸಿಕ್ಕಿಬೀಳುತ್ತದೆ. ಕಷ್ಟ ಇರುವುದು ಅರ್ಧ ಸತ್ಯ ಬೆರೆಸಿದ ಸುಳ್ಳಿನಲ್ಲಿ. ಅರಸೀಕೆರೆ ಕಡೆ ಕಿರಾಣಿ ಅಂಗಡಿ ಇಟ್ಟುಕೊಂಡಿರುವ ನನ್ನ ಚಿಕ್ಕಪ್ಪನಿಗೆ ಬಂದ ಕರೆ ಅಂಥದ್ದು. ‘2019ರಲ್ಲಿ ಮೊಬೈಲ್‌ಗೆ ಸಾಲ ತಗೊಂಡಿದ್ದೀರಿ. ಕಂತು ಬಾಕಿ, ಬಡ್ಡಿ ಎಲ್ಲ ಸೇರಿ 18,400 ರೂಪಾಯಿ. ಇವತ್ತೇ ಸೆಟ್ಲ್‌ಮೆಂಟ್ ಮಾಡಿಕೊಂಡರೆ 9,000ಕ್ಕೆ ಮುಗಿಸುತ್ತೇವೆ. ಇಲ್ಲದಿದ್ದರೆ ನಾಳೆ ಅಂಗಡಿ ಮುಂದೆ ಜೀಪು ಬರುತ್ತೆ’ ಎಂದು ಕರೆ ಮಾಡಿದವ ಹೇಳಿದ್ದ. ಚಿಕ್ಕಪ್ಪ ಆ ವರ್ಷ ಕಂತಿನ ಮೇಲೆ ಮೊಬೈಲ್ ಕೊಂಡಿದ್ದು ನಿಜ. ಅವರ ಪ್ಯಾನ್ ಕಾರ್ಡ್‌ನ ಕೊನೆಯ ಅಕ್ಷರ, ಅಂಕಿಗಳನ್ನೂ ಆತ ಸರಿಯಾಗಿಯೇ ಹೇಳಿದ್ದ. ಇನ್ನೇನು ಬೇಕು ನಂಬಲು?

‘ಎಲ್ಲಾ ಕಂತೂ ಕಟ್ಟಿದ ಹಾಗಿತ್ತು ಕಣೋ. ಆದ್ರೂ ಒಂದೆರಡು ತಪ್ಪಿತ್ತೋ ಏನೋ. ಅಂಗಡಿ ಮುಂದೆ ಬಂದು ಕೂಗಾಡಿದ್ರೆ ಊರಲ್ಲಿ ತಲೆ ಎತ್ತೋಕಾಗಲ್ಲ. ಒಂಬತ್ತು ಸಾವಿರ ಹೋದ್ರೆ ಹೋಗ್ಲಿ ಬಿಡು’ ಎಂದರು ಚಿಕ್ಕಪ್ಪ. ಅವರನ್ನು ಉಳಿಸಿದ್ದು ನನ್ನ ಬುದ್ಧಿವಂತಿಕೆಯಲ್ಲ, ಚಿಕ್ಕಮ್ಮನ ಬೀರು. ಮದುವೆಯ ಫೋಟೊ, ಪಹಣಿ, ಮಕ್ಕಳ ಟಿಸಿ ಜೊತೆ ಆ ಮೊಬೈಲ್ ಸಾಲ ತೀರಿದ ಎನ್‌ಒಸಿಯನ್ನೂ ಅವರು ಜೋಪಾನವಾಗಿ ಇಟ್ಟಿದ್ದರು.

ಮರುದಿನ ಆತ ಮತ್ತೆ ಕರೆ ಮಾಡಿದಾಗ ಸ್ಪೀಕರ್ ಹಾಕಿ ನಾನು ಮಾತನಾಡಿದೆ. ಕೇಳಿದ್ದು ನಾಲ್ಕೇ ಪ್ರಶ್ನೆ. ಸಾಲ ಕೊಟ್ಟ ಸಂಸ್ಥೆಯ ಹೆಸರೇನು? ಸಾಲದ ಖಾತೆ ಸಂಖ್ಯೆ ಎಷ್ಟು? ವಸೂಲಿಗೆ ನಿಮಗೆ ಸಂಸ್ಥೆ ಕೊಟ್ಟ ಅಧಿಕಾರಪತ್ರ ಎಲ್ಲಿದೆ? ಬಾಕಿಯ ವಿವರವನ್ನು ಸಂಸ್ಥೆಯ ಅಧಿಕೃತ ಇಮೇಲ್‌ನಿಂದ ಕಳಿಸುತ್ತೀರಾ? ಮೊದಲ ಪ್ರಶ್ನೆಗೆ ಉತ್ತರ ಬಂತು. ಎರಡನೆಯದಕ್ಕೆ ‘ನೀನ್ಯಾರು ಕೇಳೋಕೆ, ಲಾಯರ್ರಾ?’ ಎಂದ. ಮೂರನೆಯದಕ್ಕೆ ಬೈಗುಳ. ನಾಲ್ಕನೆಯದಕ್ಕೆ ಕರೆ ಕಟ್. ಅರ್ಧ ಗಂಟೆಯಲ್ಲಿ ವಾಟ್ಸ್‌ಆ್ಯಪ್‌ಗೆ ‘ಕೋರ್ಟ್ ನೋಟಿಸ್’ ಬಂತು. ಮೇಲೆ ದೊಡ್ಡ ಮುದ್ರೆ ಇತ್ತು. ಆದರೆ ಪ್ರಕರಣದ ಸಂಖ್ಯೆ ಇರಲಿಲ್ಲ, ಯಾವ ಊರಿನ ನ್ಯಾಯಾಲಯ ಎಂದೂ ಇರಲಿಲ್ಲ. ಕೆಳಗೆ ಹಣ ಕಟ್ಟಲು ಕೊಟ್ಟಿದ್ದು ಯಾರೋ ಒಬ್ಬ ವ್ಯಕ್ತಿಯ ಯುಪಿಐ ಐಡಿ. ನ್ಯಾಯಾಲಯ ಯಾರದೋ ಖಾಸಗಿ ಯುಪಿಐಗೆ ಹಣ ಹಾಕಿಸಿಕೊಳ್ಳುತ್ತದೆಯೇ?

ನಾವು ಎರಡು ಕೆಲಸ ಮಾಡಿದೆವು. ಒಂದು, ಸಾಲ ಕೊಟ್ಟಿದ್ದ ಸಂಸ್ಥೆಗೇ ಇಮೇಲ್ ಬರೆದೆವು. ನಾಲ್ಕು ದಿನದಲ್ಲಿ ‘ಯಾವ ಬಾಕಿಯೂ ಇಲ್ಲ’ ಎಂಬ ಉತ್ತರ ಬಂತು. ಎರಡು, ಚಿಕ್ಕಪ್ಪನ ಕ್ರೆಡಿಟ್ ವರದಿ ತೆಗೆದೆವು. ಅದರಲ್ಲಿ ಆ ಸಾಲದ ಮುಂದೆ ‘ಕ್ಲೋಸ್ಡ್’ ಎಂದಿತ್ತು. ಅಲ್ಲಿಗೆ ಜೀಪೂ ಬರಲಿಲ್ಲ, ಕರೆಯೂ ಬರಲಿಲ್ಲ.

ಕ್ರೆಡಿಟ್ ವರದಿ ಎಂಬ ಕನ್ನಡಿ

ಆ ವರದಿಯ ಬಗ್ಗೆ ನಮ್ಮ ವಯಸ್ಸಿನವರು ತಿಳಿಯಲೇಬೇಕು. ದೇಶದಲ್ಲಿ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಸಾಲ ಮಾಹಿತಿ ಕಂಪನಿಗಳಿವೆ. ಪ್ರತಿಯೊಂದೂ ನಮಗೆ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಮ್ಮ ಪ್ಯಾನ್ ಸಂಖ್ಯೆಯ ಮೇಲೆ ಎಲ್ಲೆಲ್ಲಿ ಸಾಲ ಇದೆ, ಯಾವುದು ತೀರಿದೆ, ಯಾವುದು ಬಾಕಿ ಎಂಬುದೆಲ್ಲ ಅದರಲ್ಲಿರುತ್ತದೆ.

‘ನನಗೆ ಸಾಲವೇ ಇಲ್ಲ, ನನಗ್ಯಾಕೆ ಅದು?’ ಎಂದು ನನ್ನ ಸಹಪಾಠಿಯೊಬ್ಬ ಕೇಳಿದ. ಸಾಲ ಇಲ್ಲದವರೇ ಅದನ್ನು ಮೊದಲು ನೋಡಬೇಕು. ಪ್ಯಾನ್, ಆಧಾರ್ ಪ್ರತಿಗಳನ್ನು ನಾವು ಜೆರಾಕ್ಸ್ ಅಂಗಡಿಯಿಂದ ಹಿಡಿದು ಪಿಜಿ ಮಾಲೀಕರವರೆಗೆ ಹಂಚಿದ್ದೇವೆ. ಅದನ್ನು ಬಳಸಿ ನಮ್ಮ ಹೆಸರಲ್ಲಿ ಯಾರೋ ಸಾಲ ಎತ್ತಿದ್ದರೆ ಅದು ಗೊತ್ತಾಗುವುದು ಈ ವರದಿಯಲ್ಲೇ. ಬ್ಯಾಂಕ್ ನೌಕರಿಗೆ ಓದುತ್ತಿರುವವರು ಅಧಿಸೂಚನೆಯನ್ನು ಪೂರ್ತಿ ಓದಿ ನೋಡಿ. ಸಾಲ ಮರುಪಾವತಿಯ ಇತಿಹಾಸ ಸರಿಯಾಗಿರಬೇಕು ಎಂಬ ಷರತ್ತು ಅದರಲ್ಲಿ ಇರುತ್ತದೆ. ಪರೀಕ್ಷೆ ಪಾಸಾಗಿ, ನಮ್ಮದಲ್ಲದ ಸಾಲದಿಂದ ಕೆಲಸಕ್ಕೆ ಕುತ್ತು ಬಂದರೆ ಯಾರನ್ನು ದೂರುವುದು?

ತಪ್ಪು ಕಂಡರೆ ಆ ಕಂಪನಿಗೂ ಸಾಲ ಕೊಟ್ಟ ಸಂಸ್ಥೆಗೂ ದೂರು ಕೊಡಬಹುದು. 30 ದಿನಗಳಲ್ಲಿ ಸರಿಪಡಿಸದಿದ್ದರೆ ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂಬ ಆರ್‌ಬಿಐ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಏಳು ದಿನದ ಲೆಕ್ಕ

ಇನ್ನೊಂದು ಬಗೆಯ ವಸೂಲಿ ನೇರವಾಗಿ ನಮ್ಮ ಹಾಸ್ಟೆಲ್, ಪಿಜಿಗಳ ಬಾಗಿಲಿಗೇ ಬಂದಿದೆ. ಅದು ಸಾಲದ ಆ್ಯಪ್. ‘ದಾಖಲೆ ಬೇಡ, ಐದು ನಿಮಿಷದಲ್ಲಿ ಹಣ’ ಎಂಬ ಜಾಹೀರಾತು. ಒಂದು ಲೆಕ್ಕ ಮಾಡಿ ನೋಡೋಣ. 5,000 ರೂಪಾಯಿ ಸಾಲ ಮಂಜೂರಾಯಿತು ಎನ್ನುತ್ತಾರೆ. ‘ಪ್ರೊಸೆಸಿಂಗ್ ಶುಲ್ಕ’ ಎಂದು 2,000 ಮುರಿದುಕೊಂಡು ಕೈಗೆ 3,000 ಕೊಡುತ್ತಾರೆ. ಏಳನೇ ದಿನ 5,000 ವಾಪಸ್ ಕಟ್ಟಬೇಕು. ಅಂದರೆ 3,000ಕ್ಕೆ ವಾರಕ್ಕೆ 2,000 ಬಡ್ಡಿ. ವರ್ಷಕ್ಕೆ ಲೆಕ್ಕ ಹಾಕಿದರೆ ಶೇ 3,400ಕ್ಕೂ ಹೆಚ್ಚು! ಊರಿನ ಮೀಟರ್ ಬಡ್ಡಿಯವರೂ ಇದನ್ನು ನೋಡಿದರೆ ನಾಚಿಕೊಳ್ಳಬೇಕು.

ಏಳನೇ ದಿನ ಕಟ್ಟಲಾಗದಿದ್ದರೆ ಅದೇ ಗುಂಪಿನ ಇನ್ನೊಂದು ಆ್ಯಪ್ ಸಾಲ ಕೊಡಲು ಮುಂದೆ ಬರುತ್ತದೆ. ಆ ಸಾಲ ತೀರಿಸಲು ಮತ್ತೊಂದು. ಕೆಲವರ ವಿಷಯದಲ್ಲಿ ಪೂರ್ತಿ ಕಟ್ಟಿದ ಮೇಲೂ ‘ಬಾಕಿ ಇದೆ’ ಎಂಬ ಕರೆ ನಿಲ್ಲುವುದಿಲ್ಲ. ಇನ್ನು ಕೆಲವರಿಗೆ ಕೇಳದೆಯೇ ಖಾತೆಗೆ ಹಣ ಬಿದ್ದು, ಬಡ್ಡಿ ಸಮೇತ ವಾಪಸ್ ಕೇಳುವ ಕರೆ ಬರುತ್ತದೆ. ಆ್ಯಪ್ ಹಾಕಿದ ದಿನವೇ ಫೋನ್‌ನಲ್ಲಿದ್ದ ನಂಬರ್‌ಗಳು, ಫೋಟೊಗಳು ಅವರ ಕೈ ಸೇರಿರುತ್ತವೆ. ಫೋಟೊ ತಿರುಚಿ ಅಸಭ್ಯವಾಗಿ ಮಾಡಿ, ಅಪ್ಪ ಅಮ್ಮನಿಗೆ, ಎಚ್‌ಒಡಿಗೆ, ಗೆಳತಿಯರಿಗೆ ಕಳಿಸುತ್ತೇವೆ ಎಂದು ಹೆದರಿಸುತ್ತಾರೆ.

ಇದು ಚಿಕ್ಕ ಸಂಗತಿಯಲ್ಲ. ಆರ್‌ಬಿಐ ನೇಮಿಸಿದ ಕಾರ್ಯಪಡೆ 2021ರ ಜನವರಿ, ಫೆಬ್ರುವರಿ ತಿಂಗಳಲ್ಲಿ ಪರಿಶೀಲಿಸಿದಾಗ ಭಾರತದ ಆಂಡ್ರಾಯ್ಡ್ ಬಳಕೆದಾರರಿಗೆ ಸಿಗುತ್ತಿದ್ದ ಸುಮಾರು 1,100 ಸಾಲದ ಆ್ಯಪ್‌ಗಳಲ್ಲಿ 600 ಅಕ್ರಮವಾಗಿದ್ದವು. 2020ರ ಕೊನೆಯಲ್ಲಿ ತೆಲಂಗಾಣದಲ್ಲಿ ಇಂತಹ ಕಿರುಕುಳದಿಂದ ಜನ ಜೀವ ಕಳೆದುಕೊಂಡಾಗ ದೇಶದ ಗಮನ ಇತ್ತ ಹರಿಯಿತು. 2023ರಲ್ಲಿ ಬೆಂಗಳೂರಿನಲ್ಲಿ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಯೂ ಪ್ರಾಣ ಕಳೆದುಕೊಂಡ. ನಮ್ಮಂತೆಯೇ ಇಂಟರ್ನಲ್ಸ್, ಬ್ಯಾಕ್‌ಲಾಗ್, ಪ್ಲೇಸ್‌ಮೆಂಟ್ ಎಂದು ಓಡಾಡಬೇಕಿದ್ದವ. ಆ ಸುದ್ದಿ ಓದಿದ ದಿನದಿಂದ ಈ ವಿಷಯ ನನ್ನ ತಲೆಯಿಂದ ಹೋಗಿಲ್ಲ. ಸಾಲ ಎಷ್ಟೇ ಇರಲಿ, ಅದಕ್ಕೆ ಜೀವ ತೆರಬೇಕಾಗಿಲ್ಲ ಎಂದು ಅವನ ಪಕ್ಕದಲ್ಲಿ ಕೂತು ಹೇಳುವವರು ಬೇಕಿತ್ತು.

ನಿಯಮ ನಮ್ಮ ಕಡೆಗಿದೆ

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಎಂದರೆ ನಿಯಮಗಳು ಬಹುಪಾಲು ನಮ್ಮ ಪರವಾಗಿಯೇ ಇವೆ. ಸಾಲ ನಿಜವಾಗಿ ಬಾಕಿ ಇದ್ದರೂ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿಯ ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ ಎಂದು ಆರ್‌ಬಿಐ 2022ರ ಆಗಸ್ಟ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ಬೈಯುವುದು, ಬೆದರಿಸುವುದು, ಸಾರ್ವಜನಿಕವಾಗಿ ಅವಮಾನಿಸುವುದು, ಮನೆಯವರಿಗೆ, ಗೆಳೆಯರಿಗೆ ಕಾಟ ಕೊಡುವುದು ಎಲ್ಲವೂ ನಿಷಿದ್ಧ.

ಅದೇ ವರ್ಷದ ಡಿಜಿಟಲ್ ಸಾಲದ ಮಾರ್ಗಸೂಚಿ, ಈಗ 2025ರ ನಿರ್ದೇಶನಗಳು ಇನ್ನಷ್ಟು ಸ್ಪಷ್ಟವಾಗಿವೆ. ಸಾಲದ ಆ್ಯಪ್ ನಮ್ಮ ಕಾಂಟ್ಯಾಕ್ಟ್ ಪಟ್ಟಿ, ಕಾಲ್ ಲಾಗ್, ಫೋಟೊ, ಫೈಲ್‌ಗಳನ್ನು ಮುಟ್ಟುವಂತಿಲ್ಲ. ಹಾಗಾಗಿ ಸಾಲದ ಆ್ಯಪ್ ಕಾಂಟ್ಯಾಕ್ಟ್ ಪಟ್ಟಿ ಕೇಳಿತು ಎಂದರೆ ಅದು ಕಳ್ಳ ಆ್ಯಪ್ ಎಂದೇ ತಿಳಿಯಬಹುದು. ನಿಯಂತ್ರಿತ ಸಂಸ್ಥೆಗಳು ಬಳಸುವ ಆ್ಯಪ್‌ಗಳ ಪಟ್ಟಿ ಆರ್‌ಬಿಐ ಜಾಲತಾಣದಲ್ಲೇ ಇದೆ. ಹಾಕಿಕೊಳ್ಳುವ ಮುನ್ನ ಒಮ್ಮೆ ಹುಡುಕಿ ನೋಡುವುದಕ್ಕೆ ಎರಡು ನಿಮಿಷ ಸಾಕು.

ಪ್ರತಿ ಸಾಲಕ್ಕೂ ಬಡ್ಡಿ, ಶುಲ್ಕ, ವರ್ಷದ ಒಟ್ಟು ದರ ಎಲ್ಲ ಒಂದೇ ಕಡೆ ಬರೆದ ‘ಮುಖ್ಯ ಅಂಶಗಳ ಪತ್ರ’ ಕೊಡಬೇಕು. ಅದೂ ಸಾಲ ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿ. ಹಾಗಾಗಿ ‘ಕನ್ನಡದಲ್ಲಿ ಕೊಡಿ’ ಎಂದು ಕೇಳುವುದು ಬರೀ ಭಾಷಾಭಿಮಾನವಲ್ಲ, ನಮ್ಮ ಹಕ್ಕು. ಇಪ್ಪತ್ತು ಪುಟದ ಇಂಗ್ಲಿಷ್ ಕರಾರಿಗೆ ಕಣ್ಣು ಮುಚ್ಚಿ ಸಹಿ ಹಾಕುವ ನಮ್ಮ ಅಪ್ಪ ಅಮ್ಮಂದಿರಿಗೆ ನಾವು ಇದೊಂದನ್ನಾದರೂ ತಿಳಿಸಬೇಕು.

ನಮ್ಮ ರಾಜ್ಯದ ಕಾನೂನೂ ಇದೆ. ಮೈಕ್ರೊಫೈನಾನ್ಸ್ ಕಿರುಕುಳಕ್ಕೆ ಹೆದರಿ ಜನ ಊರು ಬಿಟ್ಟ ಸುದ್ದಿಗಳು ಬಂದ ಬಳಿಕ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ನಂತರ ವಿಧಾನಮಂಡಲ ಅದನ್ನು ಮಸೂದೆಯಾಗಿ ಅಂಗೀಕರಿಸಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ.

‘ಪೊಲೀಸ್ ಬರುತ್ತಾರೆ’ ಎಂಬ ಬೆದರಿಕೆಯ ಬಗ್ಗೆಯೂ ಒಂದು ಮಾತು. ಸಾಲ ಕಟ್ಟಲಾಗದೆ ಇರುವುದು ಸಿವಿಲ್ ವಿಷಯ. ಅಷ್ಟಕ್ಕೇ ಯಾರೂ ಬಂಧಿಸುವುದಿಲ್ಲ. ಚೆಕ್ ಬೌನ್ಸ್ ಪ್ರಕರಣ ಬೇರೆ, ಆದರೆ ಅದರಲ್ಲೂ ಮೊದಲು ಲಿಖಿತ ನೋಟಿಸ್, ಆಮೇಲೆ ನ್ಯಾಯಾಲಯ. ವಿಡಿಯೊ ಕಾಲ್‌ನಲ್ಲಿ ಕೂರಿಸುವ ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಹಾಗೆಯೇ ಅಣ್ಣನ ಸಾಲಕ್ಕೆ ತಮ್ಮ, ಗೆಳೆಯನ ಸಾಲಕ್ಕೆ ಗೆಳೆಯ ಹೊಣೆಯಲ್ಲ, ಜಾಮೀನು ಹಾಕಿದ್ದರೆ ಮಾತ್ರ ಹೊಣೆ. ನಿಮ್ಮ ನಂಬರ್ ಯಾರದೋ ಫೋನ್‌ನಲ್ಲಿತ್ತು ಎಂಬುದು ಜಾಮೀನಲ್ಲ.

ಆ ಕಡೆ ಕೂತವರು ಯಾರು?

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮನ್ನು ನಾವೇ ಬಲಿಪಶುಗಳ ಸಾಲಿನಲ್ಲಿ ಮಾತ್ರ ನಿಲ್ಲಿಸಿಕೊಂಡಂತೆ. ಇದರ ಇನ್ನೊಂದು ಮಗ್ಗುಲು ಹೆಚ್ಚು ಮುಜುಗರದ್ದು. ಕನ್ನಡದಲ್ಲಿ, ನಮ್ಮದೇ ಜಿಲ್ಲೆಯ ಶೈಲಿಯಲ್ಲಿ ಬೈಯುವ ಆ ದನಿ ಯಾರದು? ಬಹಳ ಸಲ ಅದು ನಮ್ಮದೇ ವಯಸ್ಸಿನ, ಕೆಲಸ ಸಿಗದ ಪದವೀಧರರದು.

ನಮ್ಮ ಪಿಜಿಯಲ್ಲಿದ್ದ ಬಿಕಾಂ ಮುಗಿಸಿದ ಹುಡುಗನೊಬ್ಬ ‘ಟೆಲಿಕಾಲರ್ ಬೇಕಾಗಿದ್ದಾರೆ, ಕನ್ನಡ ಬಂದರೆ ಸಾಕು, ಇನ್ಸೆಂಟಿವ್ ಬೇರೆ’ ಎಂಬ ಜಾಹೀರಾತು ನೋಡಿ ಸೇರಿದ. ಮೊದಲ ದಿನ ಕೈಗೆ ಒಂದು ಹಾಳೆ ಕೊಟ್ಟರಂತೆ. ಮೊದಲ ಕರೆಯಲ್ಲಿ ಏನು ಹೇಳಬೇಕು, ಎರಡನೆಯದರಲ್ಲಿ ಯಾವ ಕೋರ್ಟಿನ ಹೆಸರು ಹೇಳಬೇಕು, ಮೂರನೆಯದರಲ್ಲಿ ಮನೆಯ ಹೆಣ್ಣುಮಕ್ಕಳ ಮಾತು ಹೇಗೆ ತೆಗೆಯಬೇಕು ಎಂದೆಲ್ಲ ಅದರಲ್ಲಿ ಬರೆದಿತ್ತಂತೆ. ನೇಮಕಾತಿ ಪತ್ರ ಇಲ್ಲ, ಕಂಪನಿಯ ಬೋರ್ಡ್ ಇಲ್ಲ, ದಿನಕ್ಕೊಂದು ಸಿಮ್. ‘ನಮ್ಮಮ್ಮನ ವಯಸ್ಸಿನವರು ಫೋನಲ್ಲಿ ಅಳ್ತಾ ಇದ್ರು ಮಗಾ, ಊಟ ಸೇರ್ಲಿಲ್ಲ’ ಎಂದ. ಮೂರೇ ದಿನಕ್ಕೆ ಬಿಟ್ಟು ಬಂದ. ಮೂರು ದಿನದ ಸಂಬಳವೂ ಬರಲಿಲ್ಲ.

ವಸೂಲಿ ಎಂಬುದೇ ಕೆಟ್ಟ ಕೆಲಸವೆಂದು ನಾನು ಹೇಳುತ್ತಿಲ್ಲ. ಬ್ಯಾಂಕುಗಳಿಗೆ ಅಧಿಕೃತ ಏಜೆಂಟರಿದ್ದಾರೆ. ಅವರಿಗೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕಿಂಗ್ ಅಂಡ್ ಫೈನಾನ್ಸ್‌ನ ‘ಡಿಆರ್‌ಎ’ ತರಬೇತಿ, ಪ್ರಮಾಣಪತ್ರ ಇರಬೇಕು, ಕೈಯಲ್ಲಿ ಅಧಿಕಾರಪತ್ರ ಇರಬೇಕು. ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಇದೇ ಅಳತೆಗೋಲು. ತರಬೇತಿಯೂ ಇಲ್ಲ, ಪತ್ರವೂ ಇಲ್ಲ, ಬರೀ ಹಾಳೆ ಕೊಟ್ಟು ಬೈಯಲು ಕೂರಿಸಿದರೆ ಅದು ನೌಕರಿಯಲ್ಲ, ಅಪರಾಧದಲ್ಲಿ ಪಾಲು. ಸುಲಿಗೆಯ ಬೆದರಿಕೆ ಹಾಕಿದವರ ಮೇಲೆ ಪ್ರಕರಣ ದಾಖಲಾದಾಗ ‘ಬಾಸ್ ಹೇಳಿದ್ದರು’ ಎಂಬ ಮಾತು ಕಾಪಾಡುವುದಿಲ್ಲ.

ಇದಕ್ಕಿಂತ ಸದ್ದಿಲ್ಲದ ಬಲೆ ಬಾಡಿಗೆ ಖಾತೆ. ‘ನಿನ್ನ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್, ಸಿಮ್ ಒಂದು ತಿಂಗಳು ಕೊಡು, ಐದು ಸಾವಿರ ಕೊಡುತ್ತೇವೆ’ ಎಂದು ಕಾಲೇಜು ಹುಡುಗರನ್ನು ಕೇಳುವವರಿದ್ದಾರೆ. ಸುಳ್ಳು ಬಿಲ್, ಸುಳ್ಳು ಸಾಲದ ಹಣ ಬಂದು ಬೀಳುವುದು ಇಂತಹ ಖಾತೆಗಳಿಗೇ. ದೂರು ದಾಖಲಾದರೆ ಪೊಲೀಸರು ಮೊದಲು ಹುಡುಕಿ ಬರುವುದು ಖಾತೆದಾರನನ್ನು. ಖಾತೆ ಫ್ರೀಜ್ ಆಗುತ್ತದೆ. ನೌಕರಿಗೆ ಆಯ್ಕೆಯಾದಾಗ ನಡೆಯುವ ಪೊಲೀಸ್ ಪರಿಶೀಲನೆಯಲ್ಲಿ ಅದೇ ಅಡ್ಡ ಬರುತ್ತದೆ. ಐದು ಸಾವಿರಕ್ಕೆ ಇಡೀ ಭವಿಷ್ಯ ಒತ್ತೆ.

ಸಾಲ ನಿಜವಾಗಿದ್ದರೆ?

ಇದನ್ನೆಲ್ಲ ಓದಿ, ‘ಹಾಗಾದರೆ ಯಾವ ಸಾಲವನ್ನೂ ಕಟ್ಟಬೇಕಿಲ್ಲ’ ಎಂದು ಯಾರೂ ಅರ್ಥ ಮಾಡಿಕೊಳ್ಳಬಾರದು. ಪಡೆದ ಸಾಲ ತೀರಿಸಬೇಕು. ನಮ್ಮಲ್ಲಿ ಎಷ್ಟೋ ಜನ ಶಿಕ್ಷಣ ಸಾಲದಲ್ಲೇ ಓದುತ್ತಿದ್ದೇವೆ, ನಾಳೆ ಅದನ್ನು ಕಟ್ಟಬೇಕಾದವರು ನಾವೇ. ಕಂತು ಕಟ್ಟಲು ಕಷ್ಟವಾದರೆ ಫೋನ್ ಸ್ವಿಚ್ ಆಫ್ ಮಾಡುವ ಬದಲು ಶಾಖೆಗೆ ಹೋಗಿ ಮಾತನಾಡುವುದು ಒಳ್ಳೆಯದು. ಹಣವನ್ನು ಏಜೆಂಟರ ಸ್ವಂತ ಯುಪಿಐಗೆ ಹಾಕದೆ ಸಾಲದ ಖಾತೆಗೇ ಕಟ್ಟಿ ರಸೀದಿ ಪಡೆಯಬೇಕು. ತೀರಿದ ದಿನ ಎನ್‌ಒಸಿ ಕೇಳಿ ಪಡೆಯಬೇಕು. ಪೂರ್ತಿ ಕಟ್ಟಿದರೆ ಕ್ರೆಡಿಟ್ ವರದಿಯಲ್ಲಿ ‘ಕ್ಲೋಸ್ಡ್’ ಎಂದಾಗುತ್ತದೆ. ಕಡಿಮೆ ಮೊತ್ತಕ್ಕೆ ಮುಗಿಸಿಕೊಂಡರೆ ‘ಸೆಟ್ಲ್ಡ್’ ಎಂದಾಗುತ್ತದೆ. ಎರಡೂ ಒಂದೇ ಅಲ್ಲ. ಮುಂದೆ ಸಾಲ ಕೊಡುವವರು ಎರಡನೆಯದನ್ನು ಒಳ್ಳೆಯ ಕಣ್ಣಿನಿಂದ ನೋಡುವುದಿಲ್ಲ.

ಬ್ಯಾಂಕ್ ಅಥವಾ ನೋಂದಾಯಿತ ಫೈನಾನ್ಸ್ ಕಂಪನಿಯೇ ಕಿರುಕುಳ ಕೊಟ್ಟರೆ ಮೊದಲು ಅವರಿಗೇ ಲಿಖಿತ ದೂರು. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು. ಮಾಹಿತಿಗೆ 14448. ಹಣ ಹೋಗಿದ್ದರೆ ಒಂದು ಗಂಟೆಯೂ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆಯಲು ಅದೊಂದೇ ಹೊತ್ತು. ನಮ್ಮ ಪ್ರತಿ ಜಿಲ್ಲೆಯಲ್ಲೂ ಸೈಬರ್ ಅಪರಾಧಗಳನ್ನು ನೋಡುವ ಸಿಇಎನ್ ಠಾಣೆ ಇದೆ. ಹಣ ಹೋಗದಿದ್ದರೂ ಸಂಶಯದ ಕರೆ, ಸಂದೇಶಗಳನ್ನು ಸಂಚಾರ ಸಾಥಿ ಜಾಲತಾಣದ ‘ಚಕ್ಷು’ವಿನಲ್ಲಿ ತಿಳಿಸಬಹುದು. ಕರೆಯ ಧ್ವನಿಮುದ್ರಿಕೆ, ಸ್ಕ್ರೀನ್‌ಶಾಟ್ ಅಳಿಸಬೇಡಿ, ಸಾಕ್ಷಿ ಅದೇ. ಮನಸ್ಸು ಕುಸಿದರೆ 14416 ಟೆಲಿ ಮನಸ್ ಸಹಾಯವಾಣಿ ಹಗಲು ರಾತ್ರಿ ತೆರೆದಿರುತ್ತದೆ. ಕನ್ನಡದಲ್ಲೇ ಮಾತನಾಡಬಹುದು.

ಪಠ್ಯದಲ್ಲಿಲ್ಲದ ಪಾಠ

ನಾಲ್ಕು ವರ್ಷದಲ್ಲಿ ನಾವು ಐದಾರು ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತೇವೆ. ಒಂದು ಸಾಲದ ಕರಾರನ್ನು ಓದುವುದು ಹೇಗೆಂದು ಯಾರೂ ಕಲಿಸುವುದಿಲ್ಲ. ಮೊದಲ ವರ್ಷದ ಇಂಜಿನಿಯರಿಂಗ್‌ನಲ್ಲಿ ಇಂಡಕ್ಷನ್ ಎಂದು ಮೂರು ವಾರ ಇರುತ್ತದೆ. ಅದರಲ್ಲಿ ಒಂದೇ ಒಂದು ಮಧ್ಯಾಹ್ನವನ್ನು ಇದಕ್ಕೆ ಕೊಡಲಿ. ಸಿಇಎನ್ ಠಾಣೆಯಿಂದ ಒಬ್ಬರು, ಬ್ಯಾಂಕಿನಿಂದ ಒಬ್ಬರು ಬಂದು ಮಾತನಾಡಲಿ. ಎಲ್ಲರೂ ತಮ್ಮ ಕ್ರೆಡಿಟ್ ವರದಿಯನ್ನು ಅಲ್ಲೇ ಫೋನ್‌ನಲ್ಲಿ ತೆಗೆದು ನೋಡಲಿ. ಡಿಗ್ರಿ, ಡಿಪ್ಲೊಮಾ, ಐಟಿಐ ಕಾಲೇಜುಗಳಿಗೂ ಇದು ಬೇಕು. ಎನ್‌ಎಸ್‌ಎಸ್ ಶಿಬಿರಕ್ಕೆ ಹಳ್ಳಿಗೆ ಹೋದಾಗ ರಸ್ತೆ ಗುಡಿಸುವ ಜೊತೆಗೆ ಅಲ್ಲಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಒಂದು ಸಂಜೆ ಈ ಮಾತು ಹೇಳಿದರೆ ಅದಕ್ಕಿಂತ ದೊಡ್ಡ ಸೇವೆ ಇಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ನಮ್ಮ ಮನೆಗಳಲ್ಲಿ ಎಲ್ಲರೂ ಹೇಳುವ ಬುದ್ಧಿಮಾತು. ಒಳ್ಳೆಯ ಮಾತೇ. ಆದರೆ ಅದರ ನೆರಳಲ್ಲಿ ಸಾಲ ಎಂದರೆ ನಾಚಿಕೆ, ಸಾಲದ ಬಗ್ಗೆ ಪ್ರಶ್ನೆ ಕೇಳುವುದು ಇನ್ನೂ ದೊಡ್ಡ ನಾಚಿಕೆ ಎಂಬ ಭಾವನೆಯೂ ಬೆಳೆದಿದೆ. ವಂಚಕರು ಬಿತ್ತುವುದು ಅದೇ ನೆಲದಲ್ಲಿ. ಅಂಗಡಿಯಲ್ಲಿ ಒಂದು ಕೆಜಿ ಬೇಳೆ ಕೊಂಡರೂ ಚೀಟಿ ನೋಡಿ ದುಡ್ಡು ಕೊಡುವ ನಾವು, ಫೋನ್‌ನಲ್ಲಿ ಕೂಗಿದವರಿಗೆ ಚೀಟಿ ಕೇಳಲು ಹಿಂಜರಿಯಬೇಕೇಕೆ? ಕೇಳಿದರೆ ನಿಜವಾದ ಸಾಲಿಗ ಕಾಗದ ತೋರಿಸುತ್ತಾನೆ, ಕಳ್ಳ ಬೈಯುತ್ತಾನೆ. ಈ ವಾರ ಮನೆಗೆ ಫೋನ್ ಮಾಡಿದಾಗ ಊಟ ಆಯ್ತಾ ಎಂದು ಕೇಳುವ ಜೊತೆಗೆ ಅಪ್ಪ ಅಮ್ಮನಿಗೆ ಈ ಒಂದು ವ್ಯತ್ಯಾಸ ಹೇಳಿ. ಯಾರೇ ಹೆದರಿಸಿದರೂ ಒಂದು ರಾತ್ರಿ ಕಳೆಯುವವರೆಗೆ ಒಂದು ರೂಪಾಯಿಯೂ ಕಳಿಸಬೇಡಿ, ಮೊದಲು ನನಗೆ ಹೇಳಿ ಎನ್ನಿ. ಹೇಳಿದಾಗ ಅವರನ್ನು ಬೈಯಬೇಡಿ. ಬೈಯುವವರು ಆ ಕಡೆ ಆಗಲೇ ಇದ್ದಾರೆ.